ಹೂಂಗುಟ್ಟುವವರು

ಕಥೆ ಹೇಳುವ ಅಜ್ಜಿಯರದು ಒಂದೇ ಷರತ್ತು. ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ನಿಂತಿತು. ಆ ಹೂಂ ಒಪ್ಪಿಗೆಯ ಹೂಂ ಅಲ್ಲ, ನಾನಿನ್ನೂ ಎಚ್ಚರವಾಗಿದ್ದೇನೆ ಎಂಬ ಸೂಚನೆ ಅಷ್ಟೆ. ಅದನ್ನೇ ಸ್ವಲ್ಪ ಎಳೆದು ‘ಹೂಂ...?’ ಎಂದರೆ ಅನುಮಾನ. ಹೇಳುವವರು ಆಗ ತಮ್ಮ ಮಾತಿಗೆ ಇನ್ನೊಂದು ಆಧಾರ ಕೊಡಬೇಕು, ಇಲ್ಲವೇ ನಕ್ಕು ಮಾತು ಬದಲಿಸಬೇಕು.

ಈಚಿನ ಕನ್ನಡ ಪಾಡ್‌ಕಾಸ್ಟ್‌ಗಳನ್ನು ಕೇಳುವಾಗ ನನಗೆ ಈ ಹೂಂ ನೆನಪಾಗುತ್ತದೆ. ಇಬ್ಬರೋ ಮೂವರೋ ದಪ್ಪ ಮೈಕುಗಳ ಮುಂದೆ ಕೂತು ರಾಜಕೀಯ, ಕ್ರಿಕೆಟ್, ಸಿನಿಮಾ, ಮನೆಬಾಡಿಗೆ ಎಲ್ಲವನ್ನೂ ಮಾತಾಡುತ್ತಾರೆ. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ‘ಕರೆಕ್ಟ್, ಕರೆಕ್ಟ್’ ಎನ್ನುತ್ತಿರುತ್ತಾರೆ. ಹೂಂಗುಟ್ಟುವ ಕೆಲಸ ಕೇಳುಗರ ಕಡೆಯಿಂದ ಹೇಳುವವರ ಕಡೆಗೇ ಹೋಗಿಬಿಟ್ಟಿದೆ. ಇದು ಹೇಗಾಯಿತು ಎಂದು ಹಾಸನ ಸೀಮೆಯನ್ನೇ ಇಟ್ಟುಕೊಂಡು ನೋಡಬಹುದು ಅನ್ನಿಸಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕೂ ಕಡೆ ಮಾತಿಗೆ ಎಂದೂ ಬರವಿಲ್ಲ. ರಾಜಕೀಯದ ಮಾತಿಗಂತೂ ಮೊದಲೇ ಇಲ್ಲ.

ಈ ಸೀಮೆಯ ಹರಟೆಗೆ ಒಳ್ಳೆಯ ದಾಖಲೆಯೇ ಇದೆ. ಹೇಮಾವತಿ ದಂಡೆಯ ಗೊರೂರಿನಲ್ಲಿ 1904ರಲ್ಲಿ ಹುಟ್ಟಿದ ರಾಮಸ್ವಾಮಿ ಅಯ್ಯಂಗಾರರು ‘ಹಳ್ಳಿಯ ಚಿತ್ರಗಳು’, ‘ನಮ್ಮ ಊರಿನ ರಸಿಕರು’ ಬರೆದಾಗ ಹೊಸ ಕಥಾವಸ್ತುವಿಗಾಗಿ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಊರಿನಲ್ಲಿ ಯಾರು ಹೇಗೆ ಮಾತಾಡುತ್ತಾರೆ ಎಂಬುದೇ ಅವರ ವಸ್ತು. ಬಸ್ಸಿನ ವಿಷಯ, ಕೋರ್ಟಿನ ವಿಷಯ, ಪಕ್ಕದ ಮನೆಯ ವಿಷಯ, ಅದರ ನಡುವೆ ಗಾಂಧಿ. ಇವತ್ತು ಪಾಡ್‌ಕಾಸ್ಟಿನವರು ‘ಪ್ರಚಲಿತ ವಿದ್ಯಮಾನ, ಸಂಸ್ಕೃತಿ, ದಿನನಿತ್ಯದ ಬದುಕು’ ಎಂದು ವಿಂಗಡಿಸಿ ಬರೆಯುವುದೆಲ್ಲ ಜಗಲಿಯ ಮೇಲೆ ವಿಂಗಡಣೆ ಇಲ್ಲದೆ ನಡೆಯುತ್ತಿತ್ತು.

ಹರಿಕಥೆಯನ್ನೂ ಇಲ್ಲೇ ಹೇಳಬೇಕು. ದಾಸರು ಸುಧನ್ವನ ಕಥೆಯಲ್ಲಿರುತ್ತಾರೆ, ನಡುವೆ ಉಪಕಥೆಗೆ ಇಳಿದು ಚೇರ್ಮನ್ನರ ಚುನಾವಣೆಯನ್ನೋ ಸೊಸೈಟಿಯ ಸಾಲವನ್ನೋ ಎಳೆದು ತರುತ್ತಾರೆ. ಜನ ನಗುತ್ತಾರೆ, ತಾಳದೊಂದಿಗೆ ಮತ್ತೆ ಸುಧನ್ವ. ಎರಡು ಗಂಟೆಯ ಮಾತಿನಲ್ಲಿ ದಾರಿ ತಪ್ಪಿ ದಾರಿಗೆ ಬರುವ ಈ ಕಲೆ ಪಾಡ್‌ಕಾಸ್ಟಿಗೂ ಬೇಕು. ಎಲ್ಲರಿಗೂ ಅದು ಒಲಿದಿಲ್ಲ.

ಆದರೆ ಜಗಲಿಯನ್ನು ಹೊಗಳುವವರು ಒಂದು ಮಾತನ್ನು ನುಂಗಿಬಿಡುತ್ತಾರೆ. ಜಗಲಿಗೆ ಒಡೆಯರಿದ್ದರು. ಯಾರು ಮೇಲೆ ಕೂರಬೇಕು, ಯಾರು ಮೆಟ್ಟಿಲ ಮೇಲೆ, ಯಾರು ಅಂಗಳದಲ್ಲಿ ನಿಂತು ಕೇಳಬೇಕು ಎಂಬುದು ಜಾತಿಯಿಂದ ಮೊದಲೇ ತೀರ್ಮಾನವಾಗಿತ್ತು. ಹೊಲೆಗೇರಿಯವರಿಗೆ ಆ ಅಂಗಳವೂ ಇಲ್ಲ. ಹೆಂಗಸರು ಬಾಗಿಲ ಹಿಂದೆ. ಮಾತೆಲ್ಲ ಅವರ ಕಿವಿಗೆ ಬೀಳುತ್ತಿತ್ತು, ಹೂಂಗುಟ್ಟುವ ಹಕ್ಕು ಮಾತ್ರ ಇರಲಿಲ್ಲ. ಊರಿನ ಅರ್ಧಕ್ಕಿಂತ ಹೆಚ್ಚು ಜನ ಕದ್ದು ಕೇಳಿಸಿಕೊಂಡವರೇ. ಹರಟೆಕಟ್ಟೆ ಎಲ್ಲರದಾಗಿತ್ತು, ಮೊಬೈಲು ಬಂದು ಕೆಡಿಸಿತು ಎಂಬ ಹಳಹಳಿಕೆಯನ್ನು ನಾನು ನಂಬದಿರುವುದು ಈ ಕಾರಣಕ್ಕೆ.

ಜಗಲಿಯ ಒಡೆಯರನ್ನು ಮೊದಲು ಅಲುಗಾಡಿಸಿದ್ದು ರೇಡಿಯೋ. ಅದು ಹುಟ್ಟಿದ್ದು ಹಾಸನದಿಂದ ಬಹಳ ದೂರವೇನಲ್ಲದ ಮೈಸೂರಿನಲ್ಲಿ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ 30 ವ್ಯಾಟಿನ ಪ್ರೇಷಕವಿಟ್ಟು ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದ್ದು. ದೇಶದ ರೇಡಿಯೋ ಅದನ್ನು ತೆಗೆದುಕೊಂಡದ್ದು ಆಮೇಲೆ. ಒಬ್ಬ ಮೇಷ್ಟ್ರು, ಒಂದು ಮನೆ, ಸ್ವಂತ ಖರ್ಚು, ಗೆಳೆಯರ ಮಾತು ಮತ್ತು ಹಾಡು. ಇವತ್ತಿನ ಪಾಡ್‌ಕಾಸ್ಟರುಗಳಿಗೆ ಕನ್ನಡದಲ್ಲೊಬ್ಬ ಮೂಲಪುರುಷ ಬೇಕಿದ್ದರೆ ಇವರೇ. 30 ವ್ಯಾಟ್ ಎಂದರೆ ಒಂದು ಮಂಕು ಬಲ್ಬಿನಷ್ಟು. ಹೊಳೆನರಸೀಪುರದವರೆಗೆ ಬರುವ ತ್ರಾಣ ಅದಕ್ಕೆಲ್ಲಿಂದ ಬರಬೇಕು!

ಮನೆಯಿಂದ ಹೊರಟ ಮಾತು ಹೆಚ್ಚು ದಿನ ಮನೆಯಲ್ಲಿರಲಿಲ್ಲ. 1942ರಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. 1950ರಲ್ಲಿ ಅದು ಭಾರತ ಸರ್ಕಾರಕ್ಕೆ ಸೇರಿತು. 1955ರ ನವೆಂಬರಿನಲ್ಲಿ ಬೆಂಗಳೂರು ನಿಲಯ ಶುರುವಾಗಿ ಮೈಸೂರಿನದು ಮುಚ್ಚಿತು. ಹಾಸನದ ಹಳ್ಳಿಗಳಿಗೆ ಧ್ವನಿ ಗಟ್ಟಿಯಾಗಿ ತಲುಪಿದ್ದು ಈ ಬೆಂಗಳೂರಿನಿಂದ. ಪಂಚಾಯ್ತಿ ಕಟ್ಟಡದಲ್ಲಿ ಸರ್ಕಾರ ಕೊಟ್ಟ ಸೆಟ್ಟು, ಅದಕ್ಕೊಂದು ಬೀಗ, ಬೀಗದ ಕೈ ಒಬ್ಬರ ಬಳಿ. ಸ್ವಂತ ಸೆಟ್ಟಿದ್ದವರು ಅಂಚೆ ಕಚೇರಿಗೆ ಹೋಗಿ ವರ್ಷ ವರ್ಷ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು. ಕೇಳುವುದಕ್ಕೂ ಲೈಸೆನ್ಸು! ಅದು ಹೋದದ್ದು 1980ರ ದಶಕದಲ್ಲಿ.

ಪಂಚಾಯ್ತಿ ರೇಡಿಯೋ ಮುಂದೆ ಕೂರುವ ಕ್ರಮವೂ ಮೊದಮೊದಲು ಜಗಲಿಯದೇ. ಆದರೆ ಧ್ವನಿ ಗೋಡೆಗೆ ಹೆದರುವುದಿಲ್ಲ. ಟ್ರಾನ್ಸಿಸ್ಟರ್ ಅಗ್ಗವಾಗಿ ಅಡುಗೆಮನೆಯ ಗೂಡಿಗೆ ಬಂದಾಗ ಬಾಗಿಲ ಹಿಂದಿನ ಕಿವಿಗೆ ಮೊದಲ ಸಲ ನೇರವಾದ ಮಾತು ಸಿಕ್ಕಿತು. ‘ವನಿತಾ ವಿಹಾರ’ದಲ್ಲಿ ಹೇಳಿದ್ದು ಉಪ್ಪಿನಕಾಯಿ, ಕಸೂತಿ, ಮಕ್ಕಳ ಪಾಲನೆಯೇ ಇರಬಹುದು. ಅದನ್ನು ನೋಡಿ ನಗುವವರಿದ್ದಾರೆ. ಆದರೆ ಹೊರಗಿನ ಲೋಕ ತನ್ನನ್ನು ಉದ್ದೇಶಿಸಿ ಮಾತಾಡುತ್ತಿದೆ ಎಂಬುದೇ ಎಷ್ಟು ಹೆಂಗಸರಿಗೆ ಹೊಸದಾಗಿತ್ತು ಎಂದು ಯೋಚಿಸಿ.

ರೇಡಿಯೋಗೆ ಈ ಸೀಮೆ ಕೊಟ್ಟ ದೊಡ್ಡ ಕಾಣಿಕೆ ಸಂಗೀತದ್ದು. ಅರಕಲಗೂಡು ತಾಲ್ಲೂಕಿನ, ಕಾವೇರಿ ದಡದ ರುದ್ರಪಟ್ಟಣದಲ್ಲಿ 1920ರಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಅವರು ಮೂರು ದಶಕಕ್ಕೂ ಹೆಚ್ಚು ಕಾಲ ಆಕಾಶವಾಣಿಯಲ್ಲಿದ್ದರು. ಅದೇ ಅರಕಲಗೂಡನ್ನು ಹೆಸರಿನಲ್ಲೇ ಹೊತ್ತ ಅ.ನ. ಕೃಷ್ಣರಾಯರದು ಇನ್ನೊಂದು ಬಗೆಯ ಧ್ವನಿ. ಬೆಂಗಳೂರಿನ ಕಚೇರಿಗಳಲ್ಲಿ ಕನ್ನಡ ಹಾಡು, ಕನ್ನಡ ಹಾಡುಗಾರರಿಗೆ ಜಾಗ ಬೇಕೆಂದು ಬೀದಿಯಲ್ಲಿ, ವೇದಿಕೆಯಲ್ಲಿ ನಿಂತು ಗುಡುಗಿದ ಧ್ವನಿ. ಗುಡುಗಿಗೆ ಬೀದಿಯೇ ಸರಿ. ರೇಡಿಯೋದಲ್ಲಿ ಭಾಷಣಕ್ಕೆ ಮೊದಲೇ ಬರೆದ ಪ್ರತಿ ಕೊಡಬೇಕು, ಅದನ್ನು ಒಬ್ಬರು ನೋಡಬೇಕು, ನಿಮಿಷ ಲೆಕ್ಕ ಹಾಕಬೇಕು.

ರಾಜಕೀಯಕ್ಕಂತೂ ಅಲ್ಲಿ ಬಾಗಿಲೇ ಇರಲಿಲ್ಲ. ಸುದ್ದಿ ಇತ್ತು, ಅದು ಸರ್ಕಾರದ ಸುದ್ದಿ. 1975ರ ಜೂನ್ 26ರ ಬೆಳಿಗ್ಗೆ ತುರ್ತುಪರಿಸ್ಥಿತಿಯನ್ನು ದೇಶ ತಿಳಿದದ್ದು ಇಂದಿರಾ ಗಾಂಧಿಯವರ ರೇಡಿಯೋ ಭಾಷಣದಿಂದ. ರಾಜ್ಯದ ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದ ಹೊಳೆನರಸೀಪುರದ ಎಚ್.ಡಿ. ದೇವೇಗೌಡರು ಆ ಕಾಲದಲ್ಲಿ ಬೆಂಗಳೂರಿನ ಸೆರೆಮನೆ ಸೇರಿದರು. ಅಂಥ ಸುದ್ದಿಗೆ ರೇಡಿಯೋದಲ್ಲಿ ಜಾಗವಿರಲಿಲ್ಲ. ಪಕ್ಷಗಳು ಚುನಾವಣೆಗೆ ಮುನ್ನ ರೇಡಿಯೋದಲ್ಲಿ ಮಾತಾಡಲು ಅವಕಾಶ ಬಂದದ್ದು 1977ರಲ್ಲಿ. ಅದುವರೆಗೆ ಈ ಸೀಮೆಯ ನಿಜವಾದ ರಾಜಕೀಯ ಪ್ರಸಾರ ಸಂತೆಯಲ್ಲಿ, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ ನಡೆಯುತ್ತಿತ್ತು. ಈಗಲೂ ಪೂರ್ತಿ ನಿಂತಿಲ್ಲ.

1990ರ ದಶಕದ ಆರಂಭದಲ್ಲಿ ಹಾಸನಕ್ಕೇ ಆಕಾಶವಾಣಿ ನಿಲಯ ಬಂತು. ಎಫ್‌ಎಂ 102.2. ನನ್ನ ಲೆಕ್ಕದಲ್ಲಿ ಈ ಚರಿತ್ರೆಯ ಅತಿ ಮುಖ್ಯ ತಿರುವು ಇದೇ, ಇದನ್ನು ಯಾರೂ ದೊಡ್ಡದು ಮಾಡಿ ಹೇಳುವುದಿಲ್ಲ. ಬೆಂಗಳೂರು ನಿಲಯದ ಕನ್ನಡ ಶುದ್ಧವಾಗಿತ್ತು, ನಮ್ಮದಾಗಿರಲಿಲ್ಲ. ‘ಹಾಸ್ನ’, ‘ಚನ್ರಾಯ್‌ಪಟ್ಣ’, ‘ನರ್ಸೀಪುರ’ ಎನ್ನುವ ನಾಲಿಗೆಗಳು ಮೈಕಿನ ಹತ್ತಿರ ಸುಳಿದದ್ದು ಸ್ಥಳೀಯ ನಿಲಯ ಬಂದ ಮೇಲೆ. ರೈತರು ಬಂದು ಆಲೂಗಡ್ಡೆಯ ಅಂಗಮಾರಿ ರೋಗದ ಬಗ್ಗೆ ಕೇಳಿದರು. ಸಂಜೆ ಪೇಟೆ ಧಾರಣೆ. ಕೋರಿಕೆ ಕಾರ್ಯಕ್ರಮಕ್ಕೆ ಕಾರ್ಡು ಬರೆದು, ತಮ್ಮ ಹೆಸರಿನ ಜೊತೆಗೆ ಊರಿನ ಹೆಸರನ್ನೂ ರೇಡಿಯೋ ಬಾಯಲ್ಲಿ ಕೇಳುವ ಸುಖ. ಆಮೇಲೆ ಫೋನ್-ಇನ್. ಅಲ್ಲಿ ಕೇಳುಗರ ಹೂಂ ಮತ್ತೆ ಕೇಳಿಸತೊಡಗಿತು. ಹದಿನೈದು ಪೈಸೆಯ ಪೋಸ್ಟ್‌ಕಾರ್ಡ್ ಕೂಡ ಹೂಂ ತಾನೆ, ಎರಡು ದಿನ ತಡವಾಗಿ ಬಂದ ಹೂಂ.

ಆ ದಶಕದಲ್ಲಿ ಈ ಸೀಮೆಯವರು ಕಿವಿಗೆ ಟ್ರಾನ್ಸಿಸ್ಟರ್ ಒತ್ತಿಕೊಳ್ಳಲು ಬೇರೆ ಕಾರಣಗಳೂ ಇದ್ದವು. 1996ರ ಜೂನ್ 1ರಂದು ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ ಹುಟ್ಟಿದವರು ಪ್ರಧಾನಿಯಾದರು. ಆಗಸ್ಟ್ 15ಕ್ಕೆ ಕೆಂಪುಕೋಟೆಯಿಂದ ಅವರು ಮಾಡಿದ ಹಿಂದಿ ಭಾಷಣವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಓದಿದರು. ದೆಹಲಿಯವರು ಉಚ್ಚಾರವನ್ನು ನೋಡಿ ನಕ್ಕಿರಬಹುದು. ನಮ್ಮ ಕಡೆ ಕೇಳಿದವರಿಗೆ ಹಿಂದಿಯೊಳಗಿನ ಹೊಳೆನರಸೀಪುರ ಸ್ಪಷ್ಟವಾಗಿ ಕೇಳಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಡರ್ಬಾನ್ ಟೆಸ್ಟ್. ಹಾಸನ ಜಿಲ್ಲೆಯ ಜಾವಗಲ್ ಅನ್ನು ಹೆಸರಿನಲ್ಲಿಟ್ಟುಕೊಂಡ ಶ್ರೀನಾಥ್, ಅದೇ ಜಿಲ್ಲೆಯ ಅರಸೀಕೆರೆಯಲ್ಲಿ ಹುಟ್ಟಿದ ಡೇವಿಡ್ ಜಾನ್ಸನ್ ಇಬ್ಬರೂ ಭಾರತಕ್ಕೆ ವೇಗದ ಬೌಲಿಂಗ್ ಮಾಡಿದರು, ಜೊತೆಗೆ ವೆಂಕಟೇಶ್ ಪ್ರಸಾದ್. ಭಾರತ 100 ಮತ್ತು 66ಕ್ಕೆ ಆಲೌಟ್. ಜಾನ್ಸನ್‌ಗೆ ಅದೇ ಕೊನೆಯ ಟೆಸ್ಟ್, ಒಟ್ಟು ಎರಡು. 2024ರ ಜೂನಿನಲ್ಲಿ ಅವರು ತೀರಿಕೊಂಡಾಗ ಆ ಎರಡನ್ನೇ ಎಲ್ಲರೂ ಮತ್ತೆ ಎಣಿಸಿದರು.

ಕ್ರಿಕೆಟ್ಟಿಗೂ ಮಾತಿನ ಹಕ್ಕಿಗೂ ಇನ್ನೊಂದು ನಂಟಿದೆ. 1993ರ ಹೀರೋ ಕಪ್ ಪಂದ್ಯಗಳನ್ನು ಪ್ರಸಾರ ಮಾಡುವ ಹಕ್ಕಿನ ಜಗಳ ಸುಪ್ರೀಂ ಕೋರ್ಟಿಗೆ ಹೋಗಿ, 1995ರ ಫೆಬ್ರವರಿಯಲ್ಲಿ ತೀರ್ಪು ಬಂತು: ಗಾಳಿಯ ತರಂಗಗಳು ಸಾರ್ವಜನಿಕರ ಸ್ವತ್ತು, ಸರ್ಕಾರದ ಏಕಸ್ವಾಮ್ಯವಲ್ಲ. ಓದಿದರೆ ಈಗಲೂ ರೋಮಾಂಚನವಾಗುತ್ತದೆ. ಖಾಸಗಿ ಎಫ್‌ಎಂಗಳು ಬಂದವು, ಸಮುದಾಯ ರೇಡಿಯೋಗಳು ಬಂದವು. ಆದರೆ ಅವುಗಳಿಗೆ ಸ್ವಂತ ಸುದ್ದಿ ಹೇಳುವ ಅನುಮತಿ ಬರಲಿಲ್ಲ. ಆಕಾಶವಾಣಿಯ ಸುದ್ದಿಯನ್ನು ಹಾಗೆಯೇ ಮರುಪ್ರಸಾರ ಮಾಡಬಹುದು, ಅಷ್ಟೆ. ಟಿವಿ, ಪತ್ರಿಕೆಗಳಿಗಿಲ್ಲದ ಈ ಕಟ್ಟು ರೇಡಿಯೋಗೆ ಮಾತ್ರ. ಓದಲು ಬಾರದವರನ್ನೂ, ಕರೆಂಟಿಲ್ಲದ ಮನೆಯನ್ನೂ ಮುಟ್ಟಬಲ್ಲ ಮಾಧ್ಯಮದ ಮೇಲೆ ಸರ್ಕಾರಗಳಿಗೆ ಇರುವ ಭಯ ಅದರಲ್ಲಿ ಕಾಣುತ್ತದೆ, ಪಕ್ಷ ಯಾವುದಾದರೂ.

ಈ ಹಿನ್ನೆಲೆಯಲ್ಲಿ ನೋಡಿದರೆ ಪಾಡ್‌ಕಾಸ್ಟ್ ಎಂಬುದು ತಂತ್ರಜ್ಞಾನದ ಆಟಿಕೆ ಅಲ್ಲ. ಪದ ಹುಟ್ಟಿದ್ದು 2004ರಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದರ ಲೇಖನದಲ್ಲಿ, ಐಪಾಡ್‌ನ ಹೆಸರನ್ನು ಸೇರಿಸಿ ಕಟ್ಟಿದ್ದು. ಬೇಕಾದಾಗ ಕೇಳುವ ರೂಢಿಯನ್ನು ನಮ್ಮಲ್ಲಿ ಕ್ಯಾಸೆಟ್ಟೇ ಹಾಕಿಕೊಟ್ಟಿತ್ತು. ಗುರುರಾಜುಲು ನಾಯ್ಡು ಅವರ ಹರಿಕಥೆ ಹಳೇ ಮೈಸೂರಿನ ಹಳ್ಳಿಗಳಲ್ಲಿ ದಾಸರಿಲ್ಲದೆಯೇ ನಡೆದದ್ದು ಹಾಗೆ. ಆದರೆ ನಮ್ಮ ದೇಶದಲ್ಲಿ ಪಾಡ್‌ಕಾಸ್ಟಿನ ನಿಜವಾದ ಅರ್ಥ ಇದು: ಸರ್ಕಾರದ ಅಪ್ಪಣೆಯಿಲ್ಲದೆ ಸಾಮಾನ್ಯರು ಧ್ವನಿಯಲ್ಲಿ ಸುದ್ದಿ, ರಾಜಕೀಯ ಮಾತಾಡಿ ಅದು ಊರೂರು ಮುಟ್ಟುವಂತಾದದ್ದು ಇದರಿಂದಲೇ ಮೊದಲು.

ಹಾಸನಕ್ಕೆ ಅದು ಮುಟ್ಟಲು ಎರಡು ಘಟನೆ ಹತ್ತಿರ ಹತ್ತಿರ ನಡೆದವು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. 2017ರ ಮಾರ್ಚಿನಲ್ಲಿ ಚನ್ನರಾಯಪಟ್ಟಣ, ಶ್ರವಣಬೆಳಗೊಳ, ಕುಣಿಗಲ್ ದಾರಿಯಾಗಿ ಬೆಂಗಳೂರಿಗೆ ರೈಲು ಶುರುವಾಯಿತು. ಮೂರು ಗಂಟೆ ಕೂರುವ ಜಾಗ, ಅಗ್ಗದ ಡೇಟಾ, ಕಿವಿಗೊಂದು ಇಯರ್‌ಫೋನು. ಮರುವರ್ಷವೇ ‘ತಲೆ-ಹರಟೆ’ ಕನ್ನಡ ಪಾಡ್‌ಕಾಸ್ಟ್ ಬೆಂಗಳೂರಿನಿಂದ ಹೊರಟಿತು. ಹೆಸರಿನಲ್ಲೇ ಹರಟೆಯಿದ್ದದ್ದು ಆಕಸ್ಮಿಕವಲ್ಲ. ಅದರಿಂದೀಚೆ ಬಂದ ಹಲವಾರು ಪಾಡ್‌ಕಾಸ್ಟ್‌ಗಳು ಧ್ವನಿಗಿಂತ ಹೆಚ್ಚಾಗಿ ಯೂಟ್ಯೂಬಿನ ಚಿತ್ರಗಳೇ. ಮಾತಾಡುವವರ ಹಿಂದೆ ನೀಲಿ ದೀಪ, ಪುಸ್ತಕದ ಕಪಾಟು.

ನನ್ನ ತಕರಾರು ದೀಪದ ಬಗ್ಗೆ ಅಲ್ಲ, ವಿಷಯದ ಬಗ್ಗೆ. ಬೆಂಗಳೂರಿನ ಟ್ರಾಫಿಕ್ ಬಗ್ಗೆ ಕನ್ನಡದಲ್ಲಿ ಎಷ್ಟು ಗಂಟೆ ಬೇಕಾದರೂ ಮಾತು ಸಿಗುತ್ತದೆ. ಅರಕಲಗೂಡಿನ ರಾಮನಾಥಪುರ ತಂಬಾಕು ಹರಾಜು ಮಾರುಕಟ್ಟೆಯಲ್ಲಿ ದರ ಬಿದ್ದ ವಾರ ಅದರ ಬಗ್ಗೆ ಅರ್ಧ ಗಂಟೆ ಹುಡುಕಿ ನೋಡಿ. ಸಕಲೇಶಪುರ, ಆಲೂರಿನ ಕಡೆಯ ಆನೆಗಳ ಸುದ್ದಿ ವಿಡಿಯೋ ಆಗುತ್ತದೆ, ಚರ್ಚೆಯಾಗುವುದಿಲ್ಲ. ಪೇಟೆ ಧಾರಣೆ ಓದುತ್ತಿದ್ದ ಸರ್ಕಾರಿ ರೇಡಿಯೋ ಈ ಒಂದು ವಿಷಯದಲ್ಲಿ ಇವರಿಗಿಂತ ಹತ್ತಿರದಲ್ಲಿತ್ತು. ಹಾಸನದ ಬಗ್ಗೆ ಎಲ್ಲರೂ ಮಾತಾಡುವ ವಿಷಯ ಒಂದೇ, ಒಂದು ಮನೆತನದ ರಾಜಕೀಯ. ಅದನ್ನು ಬಿಟ್ಟರೆ ಜಿಲ್ಲೆಯಲ್ಲಿ ಜನರೇ ಇಲ್ಲವೇನೋ ಅನ್ನುವ ಹಾಗೆ.

ಆ ಮಾತಿಗೂ ಒಂದು ಪರೀಕ್ಷೆ ಬಂತು. 2024ರ ಏಪ್ರಿಲಿನಲ್ಲಿ, ಲೋಕಸಭೆಯ ಮತದಾನಕ್ಕೆ ಇನ್ನು ಕೆಲವೇ ದಿನ ಇದ್ದಾಗ, ಹಾಸನದಲ್ಲಿ ಪೆನ್‌ಡ್ರೈವ್‌ಗಳು ಹಂಚಿಕೆಯಾದವು. ಅಂದಿನ ಸಂಸದರ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪಗಳು ಊರಿಗೆ ತಿಳಿದದ್ದು ಹಾಗೆ. 26ರಂದು ಮತದಾನ, ಬಳಿಕ ವಿಶೇಷ ತನಿಖಾ ದಳ, ಬಂಧನ. 2025ರ ಆಗಸ್ಟಿನಲ್ಲಿ ಒಂದು ಪ್ರಕರಣದಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಆ ಒಂದೂವರೆ ವರ್ಷ ಮೈಕಿನ ಮುಂದೆ ಈ ವಿಷಯ ಎಷ್ಟು ಹರಿಯಿತೋ ಲೆಕ್ಕವಿಲ್ಲ. ಯಾರಿಗೆ ಲಾಭ, ಯಾರಿಗೆ ನಷ್ಟ, ಯಾವ ಪಕ್ಷ ಯಾರ ಜೊತೆ. ಆ ಹೆಂಗಸರ ಮುಖ ಮರೆಸದ ದೃಶ್ಯಗಳು ಮಾತ್ರ ಅವರದೇ ಊರಿನ ಫೋನುಗಳಲ್ಲಿದ್ದವು. ಮತ್ತೆ ಬಾಗಿಲ ಹಿಂದೆ, ಈ ಸಲ ಬಾಗಿಲೂ ಇಲ್ಲದೆ. ಕೊನೆಗೆ ತೂಕ ಬಂದದ್ದು ದೂರು ಕೊಟ್ಟ ಒಬ್ಬ ಹೆಣ್ಣುಮಗಳು ನ್ಯಾಯಾಲಯದಲ್ಲಿ ಹೇಳಿದ ಮಾತಿಗೆ. ಅಲ್ಲಿ ಒಬ್ಬರು ಹೇಳುವಾಗ ಇನ್ನೊಬ್ಬರು ಕೇಳಲೇಬೇಕು, ಪಾಟೀಸವಾಲು ಮಾಡಬೇಕು, ಬರೆದುಕೊಳ್ಳಬೇಕು.

ಅದೇ ಹಾಸನದಲ್ಲಿ ಇನ್ನೊಬ್ಬ ಹೆಂಗಸಿನ ಮಾತಿನ ಗತಿ ಬೇರೆಯಾಯಿತು. ಲಂಕೇಶ್ ಪತ್ರಿಕೆಯ ವರದಿಗಾರ್ತಿಯಾಗಿದ್ದ, ಕೆಲಕಾಲ ಬೆಂಗಳೂರು ಆಕಾಶವಾಣಿಯಲ್ಲೂ ಕೆಲಸ ಮಾಡಿದ್ದ, ವಕೀಲೆ, ಕಥೆಗಾರ್ತಿ ಬಾನು ಮುಷ್ತಾಕ್ ಅವರಿಗೆ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತು. ಬಾಗಿಲ ಹಿಂದಿನವರ ಹೂಂ, ಊಹೂಂಗಳನ್ನೇ ಕಥೆಯಾಗಿ ಬರೆದವರು ಅವರು. ಮೂರು ತಿಂಗಳಾಗಿತ್ತಷ್ಟೆ, ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದದ್ದೇ ತಡ, 2023ರ ಅವರ ಭಾಷಣವೊಂದರ ತುಣುಕು ಫೋನಿನಿಂದ ಫೋನಿಗೆ ಹರಿಯಿತು. ವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ ಅಲ್ಲಿ ಅರ್ಜಿ ವಜಾ ಆಯಿತು. ಸೆಪ್ಟೆಂಬರ್ 22ರಂದು ಅವರು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು. ಅವರ ಮಾತನ್ನು ಒಪ್ಪುವುದು ಬಿಡುವುದು ಕೇಳಿದವರಿಗೆ ಬಿಟ್ಟದ್ದು. ಪೂರ್ತಿ ಕೇಳಿದವರು ಎಷ್ಟು ಜನ ಎಂಬುದೇ ನನ್ನ ಪ್ರಶ್ನೆ. ಜಗಲಿಯ ಮೇಲೆ ಮಾತಿನ ನಡುವೆ ಎದ್ದು ಹೋದವನಿಗೆ ಅದರ ಮೇಲೆ ತೀರ್ಪು ಕೊಡುವ ಯೋಗ್ಯತೆ ಇರಲಿಲ್ಲ. ಈಗ ಎರಡು ಗಂಟೆಯ ಪಾಡ್‌ಕಾಸ್ಟನ್ನು ಮಾಡಿದವರೇ ಮೂವತ್ತು ಸೆಕೆಂಡಿನ ರೀಲ್‌ಗಳಾಗಿ ಕತ್ತರಿಸಿ ಹಂಚುತ್ತಾರೆ, ಇಡೀ ಮಾತನ್ನು ಕೇಳಿಸಲು ಅದೇ ದಾರಿ ಎಂದು.

ಇದನ್ನೆಲ್ಲ ಸರಿಪಡಿಸುತ್ತೇವೆ ಎಂದು ಸರ್ಕಾರ ಹೊರಟಾಗ ಎದ್ದದ್ದು ಹಳೆಯ ಭಯ. 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಪ್ರಸಾರ ಸೇವೆಗಳ ಮಸೂದೆಯ ಕರಡು ಹೊರಡಿಸಿತು. ಮರುವರ್ಷದ ಕರಡು ಯೂಟ್ಯೂಬ್, ಪಾಡ್‌ಕಾಸ್ಟ್‌ಗಳಲ್ಲಿ ಒಂಟಿಯಾಗಿ ಸುದ್ದಿ ವಿಶ್ಲೇಷಣೆ ಮಾಡುವವರನ್ನೂ ಅದರಡಿ ತರುತ್ತದೆ ಎಂದು ಗದ್ದಲವಾಯಿತು. 2024ರ ಆಗಸ್ಟಿನಲ್ಲಿ ಸರ್ಕಾರ, ಹೊಸ ಕರಡು ತರುತ್ತೇವೆ ಎಂದು ಹಿಂದೆ ಸರಿಯಿತು. 1942ರಲ್ಲಿ ಗೋಪಾಲಸ್ವಾಮಿಯವರ ನಿಲಯ ಸರ್ಕಾರದ್ದಾದಾಗ ಅವರಿಗೆ ಅದನ್ನು ನಡೆಸುವ ಖರ್ಚಿನ ಭಾರವಾದರೂ ಇಳಿದಿತ್ತು. ಈ ಸಲ ಹಾಗೇನೂ ಇಲ್ಲ, ಮೈಕು ಇವರದು, ಅಪ್ಪಣೆ ಅವರದು.

ಹಾಸನ ಆಕಾಶವಾಣಿ ಈಗ ಫೋನಿನ ಆ್ಯಪಿನಲ್ಲೂ ಸಿಗುತ್ತದೆ. ದುಬೈಯಲ್ಲೋ ಡಲ್ಲಾಸಿನಲ್ಲೋ ಕೂತ ಚನ್ನರಾಯಪಟ್ಟಣದವರು ಸಂಜೆಯ ಕಾರ್ಯಕ್ರಮ ಕೇಳಬಹುದು, ಫೋನ್-ಇನ್ ಇದ್ದ ದಿನ ಲೈನು ಸಿಕ್ಕರೆ ಮಾತನ್ನೂ ಆಡಬಹುದು. ಕರೆ ಮಾಡಿದವರನ್ನು ನಿರೂಪಕರು ಮೊದಲು ಕೇಳುವುದು ಈಗಲೂ ಅದನ್ನೇ: ಯಾವ ಊರು, ಮಳೆ ಆಯಿತಾ.